ಮುಂದಿನ ನಿಲ್ದಾಣ: ಮಿತಭಾಷಿಗಳು

ಬೇಡ ಎಂಬ ಪದ ಕೆಲವರ ಬಾಯಿಗೆ ಒಗ್ಗುವುದಿಲ್ಲ. ಗಂಟಲವರೆಗೆ ಬಂದದ್ದು ಅಲ್ಲೇ ದಾರಿ ತಪ್ಪಿ ಬೇರೇನೋ ಆಗಿ ಹೊರಬೀಳುತ್ತದೆ. ಬಸ್ ಡಿಪೋದಲ್ಲಿ ಕಳೆದುಹೋದ ವಸ್ತುಗಳ ವಿಭಾಗ ನೋಡಿಕೊಳ್ಳುತ್ತಿದ್ದ ಗುಮಾಸ್ತರಿಗೆ ಅದು "ಆಗ್ಲಿ ಬಿಡಿ" ಎಂದು ಹೊರಬೀಳುತ್ತಿತ್ತು. ರಜೆಯ ದಿನ ಕೆಲಸಕ್ಕೆ ಬರ್ತೀರಾ ಎಂದರೆ ಆಗ್ಲಿ ಬಿಡಿ. ನಿಮ್ಮ ಕುರ್ಚಿ ತಗೊಂಡು ಹೋಗ್ತೀವಿ, ಸ್ಟೂಲ್ ಮೇಲೆ ಕೂತ್ಕೋತೀರಾ ಎಂದರೆ ಆಗ್ಲಿ ಬಿಡಿ. ಕೊನೆಗೆ ಅವರ ಹೆಸರೇ ಆಗ್ಲಿಬಿಡಿ ಎಂದಾಯಿತು. ಸಂಬಳದ ಚೀಟಿಯಲ್ಲಿ ಇನ್ನೊಂದು ಹೆಸರಿತ್ತು ನಿಜ. ಆ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುತ್ತಿರಲಿಲ್ಲ.

ಊರಿನ ಸುತ್ತು ಬಸ್ಸುಗಳಿಗೆ ಮಾತು ಬಂದ ವರ್ಷ ಆಗ್ಲಿಬಿಡಿಯವರಿಗೂ ಬಡ್ತಿ ಬಂತು. ಬಸ್ಸಿನೊಳಗೆ ಒಂದು ಯಂತ್ರ ಕೂರಿಸಿದ್ದರು. ಬಾಗಿಲು ಮುಚ್ಚಿಕೊಂಡ ಕೂಡಲೇ ಅದರಲ್ಲಿ ಒಬ್ಬ ಹುಡುಗಿಯ ದನಿ "ಮುಂದಿನ ನಿಲ್ದಾಣ, ಅಂಚೆ ಕಚೇರಿ" ಎನ್ನುತ್ತಿತ್ತು. ಮತ್ತೆ ಬಾಗಿಲು ತೆರೆದು ಮುಚ್ಚಿದರೆ ಸಾಲಿನಲ್ಲಿ ಅದರ ಮುಂದಿನ ಹೆಸರು. ಹುಡುಗಿ ಏನು ಹೇಳಬೇಕೆಂಬುದನ್ನು ಡಿಪೋದ ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದು ಬರೆಯಬೇಕಿತ್ತು. ಆ ಪುಟದ ಪಾಸ್‌ವರ್ಡನ್ನು ಯಾರಾದರೂ ಒಬ್ಬರು ವಹಿಸಿಕೊಳ್ಳಬೇಕೆಂದು ಮ್ಯಾನೇಜರಮ್ಮ ಸಭೆಯಲ್ಲಿ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ಆಗ್ಲಿಬಿಡಿಯವರು ಮಾತ್ರ ತಲೆಯೆತ್ತಿದರು. ಸೀನು ಬಂದಿತ್ತು, ಅದಕ್ಕೆ ಎತ್ತಿದ್ದು. ಆದರೆ ತಲೆ ಎತ್ತಿದವನನ್ನು ಯಾವ ಮ್ಯಾನೇಜರೂ ಬಿಡುವುದಿಲ್ಲ.

ಯಂತ್ರ ಕೂರಿಸಿದ ಇಂಜಿನಿಯರ್ ಹೊರಡುವ ಮುಂಚೆ ಅವರನ್ನು ಕೂರಿಸಿಕೊಂಡು ಆ ಪುಟ ತೋರಿಸಿದ್ದ. ಒಂದು ಚೌಕ, ಚೌಕದ ಕೆಳಗೆ 'ಉಳಿಸಿ' ಎಂಬ ಹಸಿರು ಗುಂಡಿ. ಚೌಕದೊಳಗೆ ಒಂದೇ ಒಂದು ಸಾಲು. ಆ ಸಾಲು ಒಂದು ಕಂಸದಿಂದ ಶುರುವಾಗಿ ಬಲಕ್ಕೆ ಹೋಗುತ್ತಿತ್ತು, ಹೋಗುತ್ತಲೇ ಇತ್ತು. ಟೈರ್ ಅಂಗಡಿ, ಕ್ಷೌರಿಕರ ತಿರುವು, ಅಂಚೆ ಕಚೇರಿ, ಮೂರನೇ ಅಡ್ಡರಸ್ತೆ, ಹೆರಿಗೆ ಆಸ್ಪತ್ರೆ, ಕೋರ್ಟು... ಒಂದಕ್ಕೊಂದು ಅಂಟಿಕೊಂಡು ಇಡೀ ಊರು ಒಂದು ದಾರದಂತೆ ಹರಿದು ಕೊನೆಗೆ ಇನ್ನೊಂದು ಕಂಸದಲ್ಲಿ ಮುಗಿಯುತ್ತಿತ್ತು. ಆಗ್ಲಿಬಿಡಿಯವರ ಮೈ ಜುಮ್ಮೆಂದಿತು. ತಾವು ಹುಟ್ಟಿ ಬೆಳೆದ ಊರು, ತಾವು ಮದುವೆಯಾದ ಊರು, ಎರಡು ಕಂಸಗಳ ನಡುವೆ ಉಸಿರು ಬಿಗಿಹಿಡಿದು ಮಲಗಿದೆ!

"ಇದನ್ನ ಮುಟ್ಟಬಹುದಾ?" ಎಂದು ಪಿಸುಮಾತಿನಲ್ಲಿ ಕೇಳಿದರು.

"ಮುಟ್ಟಬಹುದು. ಆದ್ರೆ ಮುಟ್ಟಬೇಡಿ" ಎಂದ ಇಂಜಿನಿಯರ್.

ಅಂದಿನಿಂದ ಅವರು ಮುಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಪುಟ ತೆರೆಯುವುದು, ಸಾಲನ್ನು ಈ ಕೊನೆಯಿಂದ ಆ ಕೊನೆಯವರೆಗೆ ಭಯಭಕ್ತಿಯಿಂದ ನೋಡುವುದು, ಮುಚ್ಚಿಡುವುದು. ಹೀಗೇ ಇದ್ದಿದ್ದರೆ ಈ ಕಥೆಯೂ ಇರುತ್ತಿರಲಿಲ್ಲ, ಅವರ ಮಾವನಿಗೆ ಇಷ್ಟು ಹೆಸರೂ ಬರುತ್ತಿರಲಿಲ್ಲ.

ಆದರೆ ಮಾವನಿಗಿಂತ ಮುಂಚೆ ಅಮ್ಮನ ವಿಷಯ ಹೇಳಬೇಕು. ಆಗ್ಲಿಬಿಡಿಯವರ ಅಮ್ಮನಿಗೆ ಕಣ್ಣು ಮಂಜಾಗುತ್ತಾ ಬಂದು ಕೊನೆಗೆ ಬೆಳಕು ಕತ್ತಲೆಯಷ್ಟೇ ತಿಳಿಯುವ ಹಾಗಾಗಿತ್ತು. ಒಂದು ಸಲ ತಪ್ಪು ನಿಲ್ದಾಣದಲ್ಲಿ ಇಳಿದು ಚರಂಡಿ ಪಕ್ಕ ಬಿದ್ದಮೇಲೆ ಅವರು ಹೊರಗೆ ಹೋಗುವುದನ್ನೇ ಬಿಟ್ಟರು. ಎರಡು ವರ್ಷ ಕಿಟಕಿಯ ಬಳಿ ಕೂತರು. ನಗುವುದೂ ಕಡಿಮೆಯಾಯಿತು. ಬಸ್ಸಿಗೆ ಮಾತು ಬಂತೆಂದು ಸೊಸೆ ಹೇಳಿದ ದಿನ, "ನಂಗೊಂದ್ಸಲ ಕೇಳಿಸು" ಎಂದರು. ಸೊಸೆ ಕೂರಿಸಿಕೊಂಡು ಹೋದರೆ ಒಂದು ಸುತ್ತು ಮುಗಿದರೂ ಇಳಿಯಲೊಲ್ಲರು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ಮುಂದಿನ ವಾರ ಒಬ್ಬರೇ ಹತ್ತಿ ಹಳೇ ಗಡಿಯಾರದ ಬಳಿ ಇರುವ ತಮ್ಮ ಅಕ್ಕನ ಮನೆಗೆ ಹೋಗಿ, ಒಬ್ಬರೇ ತಿರುಗಿ ಬಂದರು. ಬಾಗಿಲಲ್ಲೇ ನಿಂತು, "ಯಾರ ಕೈಯನ್ನೂ ಹಿಡೀಲಿಲ್ಲ ಕಣೋ!" ಎಂದು ಹೇಳಿದಾಗ ಅವರ ಮುಖ ನೋಡಿ ಆಗ್ಲಿಬಿಡಿಯವರು ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ಆಮೇಲೆ ಪ್ರತಿ ಗುರುವಾರ ಅಮ್ಮನ ಸವಾರಿ ತಪ್ಪಲಿಲ್ಲ. ಬಸ್ಸಿನ ಹುಡುಗಿ ಎಂದರೆ ಅವರಿಗೆ ಮನೆ ಮಗಳಿದ್ದ ಹಾಗೆ.

ಇನ್ನು ಮಾವ. ಅವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ನಿರೀಕ್ಷಕರಾಗಿದ್ದವರು. ನಿವೃತ್ತರಾದಮೇಲೆ ತೂಗುವುದಕ್ಕೆ ಬೇರೇನೂ ಇಲ್ಲದೆ ಮನುಷ್ಯರನ್ನು ತೂಗುತ್ತಿದ್ದರು. ಅವರ ತಕ್ಕಡಿಯಲ್ಲಿ ಅಳಿಯ ಎಂದೂ ಮೇಲೆ ಹೋಗಿಯೇ ನಿಲ್ಲುತ್ತಿದ್ದ. ಒಂದು ಭಾನುವಾರ ಊಟಕ್ಕೆ ಕೂತಾಗ ಅವರು ಹೆಂಡತಿಯ ತಮ್ಮನ ಮಗನನ್ನು ಹೊಗಳಿ ಹೊಗಳಿ, "ಅವನ ಕೈ ಕೆಳಗೆ ಹತ್ತು ಜನ ಇದಾರೆ. ನಿಮ್ಮ ಕೈ ಕೆಳಗೆ ಏನಪ್ಪಾ ಇದೆ? ಕಳೆದುಹೋದ ಛತ್ರಿಗಳು" ಎಂದರು.

ಆಗ್ಲಿಬಿಡಿಯವರು ಜೀವನದಲ್ಲಿ ಜಂಬ ಪಟ್ಟದ್ದು ಅದೊಂದೇ ಸಲ. ಮಜ್ಜಿಗೆಯ ಲೋಟ ಕೆಳಗಿಟ್ಟು, "ಈ ಊರೇ ನನ್ನ ಕೈ ಕೆಳಗಿದೆ ಮಾವ. ನಾನು ಬರೆದಿದ್ದನ್ನೇ ಬಸ್ಸು ಹೇಳೋದು" ಎಂದುಬಿಟ್ಟರು.

ಮಾವನ ಕೈತುತ್ತು ಅರ್ಧ ದಾರಿಯಲ್ಲಿ ನಿಂತಿತು. "ನೀವು ಬರೆದಿದ್ದನ್ನ?"

"ಹೂಂ."

"ಏನು ಬರೆದ್ರೂ?"

"ಏನು ಬರೆದ್ರೂ."

ಊಟ ಮುಗಿಯುವಷ್ಟರಲ್ಲಿ ಮಾವನ ಮನೆಯ ಮುಂದಿನ ನಿಲ್ದಾಣಕ್ಕೆ 'ಮೂರನೇ ಅಡ್ಡರಸ್ತೆ' ಎಂಬ ಹೆಸರು ಎಷ್ಟು ಅನ್ಯಾಯದ್ದೆಂಬುದು ಇಡೀ ಮನೆಗೆ ಮನವರಿಕೆಯಾಗಿತ್ತು. ಮಾವ ಕೈ ತೊಳೆದು ಬಂದು ಕುರ್ಚಿಯಲ್ಲಿ ಒರಗಿ ಹೇಳಿದರು. "ಹೆಸರು ಮಾತ್ರ ಹಾಕಬೇಡಿ. ನಂಗೆ ಪ್ರಚಾರ ಇಷ್ಟ ಇಲ್ಲ. ಪದವಿಗಳಷ್ಟೇ ಸಾಕು, ಜನಕ್ಕೆ ಗೊತ್ತಾಗುತ್ತೆ. ಬರ್ಕೊಳ್ಳಿ. ನಿವೃತ್ತ ತೂಕ ಮತ್ತು ಅಳತೆ ನಿರೀಕ್ಷಕರು, ಅಲ್ಪವಿರಾಮ. ನಡಿಗೆ ಸಂಘದ ಸ್ಥಾಪಕ ಅಧ್ಯಕ್ಷರು, ಅಲ್ಪವಿರಾಮ. ಚದುರಂಗ ಪ್ರವೀಣರು, ಅಲ್ಪವಿರಾಮ..."

"ಇಷ್ಟು ಸಾಕಲ್ವಾ ಅಪ್ಪ?" ಎಂದಳು ಮಗಳು.

"ಮಿತಭಾಷಿಗಳು, ಅಲ್ಪವಿರಾಮ" ಎಂದು ಮಾವ ಮುಂದುವರಿಸಿದರು. "ಇವರ ಮನೆ. ಅಷ್ಟೇ. ಆ ಅಲ್ಪವಿರಾಮಗಳನ್ನ ಬಿಡಬೇಡಿ ಮತ್ತೆ. ಅವು ಇಲ್ದಿದ್ರೆ ಗೌರವ ಎಲ್ಲಾ ಕಲಸಿಹೋಗುತ್ತೆ."

ಆಗ್ಲಿಬಿಡಿಯವರ ಗಂಟಲಲ್ಲಿ 'ಬೇಡ' ಎಂಬುದು ಎದ್ದಿತು. ಎಂದಿನಂತೆ ದಾರಿ ತಪ್ಪಿತು.

ಬುಧವಾರ ಸಂಜೆ ಡಿಪೋ ಖಾಲಿಯಾದಮೇಲೆ ಅವರು ಪುಟ ತೆರೆದರು. ಕೈ ಒರೆಸಿಕೊಂಡರು. 'ಮೂರನೇ ಅಡ್ಡರಸ್ತೆ' ಎಂಬುದನ್ನು ಒಂದೊಂದೇ ಅಕ್ಷರವಾಗಿ ಅಳಿಸಿ, ಆ ಜಾಗದಲ್ಲಿ ಮಾವನನ್ನು ಅಲ್ಪವಿರಾಮಗಳ ಸಮೇತ ಪ್ರತಿಷ್ಠಾಪಿಸಿದರು. ಊರಿನ ದಾರ ಅಷ್ಟು ಉದ್ದ ಹಿಗ್ಗಿ, ಆಸ್ಪತ್ರೆ, ಕೋರ್ಟುಗಳೆಲ್ಲ ಮರ್ಯಾದೆಯಿಂದ ಬಲಕ್ಕೆ ಸರಿದು ಜಾಗ ಬಿಟ್ಟುಕೊಟ್ಟವು. ಹಸಿರು ಗುಂಡಿ ಒತ್ತಿದರು. "ನಿಮ್ಮ ಬದಲಾವಣೆ ಯಶಸ್ವಿಯಾಗಿ ಉಳಿದಿದೆ" ಎಂದು ಪುಟ ಹೇಳಿತು. ಜೀವನದಲ್ಲಿ ಯಾರೂ ಅವರಿಗೆ ಯಶಸ್ವಿ ಎಂದಿರಲಿಲ್ಲ. ಅವರು ಪರದೆಗೆ "ತುಂಬಾ ಥ್ಯಾಂಕ್ಸ್" ಎಂದು ಹೇಳಿ ಮನೆಗೆ ಹೋದರು.

ಬೆಳಿಗ್ಗೆ ಮೊದಲ ಬಸ್ಸು ಅಂಚೆ ಕಚೇರಿ ಬಿಡುತ್ತಲೇ ಹುಡುಗಿ ಎಂದಿನ ಮಧುರ ದನಿಯಲ್ಲಿ, "ಮುಂದಿನ ನಿಲ್ದಾಣ, ನಿವೃತ್ತ ತೂಕ ಮತ್ತು ಅಳತೆ ನಿರೀಕ್ಷಕರು" ಎಂದಳು. ಹಾಲಿನ ಡಬ್ಬಿ ಹಿಡಿದಿದ್ದ ವ್ಯಾಪಾರಿಯೊಬ್ಬ ಬೆಚ್ಚಿ ಡಬ್ಬಿಯನ್ನು ಸೀಟಿನ ಕೆಳಗೆ ತಳ್ಳಿದ. ಮೂರನೇ ಅಡ್ಡರಸ್ತೆಯಲ್ಲಿ ಬಾಗಿಲು ತೆರೆದು ಮುಚ್ಚಿತು. "ಮುಂದಿನ ನಿಲ್ದಾಣ, ನಡಿಗೆ ಸಂಘದ ಸ್ಥಾಪಕ ಅಧ್ಯಕ್ಷರು." ಬಸ್ಸು ಹೆರಿಗೆ ಆಸ್ಪತ್ರೆಯ ಮುಂದೆ ನಿಂತಿತು. ಕೋರ್ಟಿನ ಮುಂದೆ ನಿಲ್ಲುವಾಗ ಚದುರಂಗ ಪ್ರವೀಣರು. ಗ್ರಂಥಾಲಯದ ಮುಂದೆ ಮಿತಭಾಷಿಗಳು. ಮಾರುಕಟ್ಟೆಯ ಮುಂದೆ ಇವರ ಮನೆ. ಮಾವ ಒಬ್ಬರೇ ಐದು ನಿಲ್ದಾಣಗಳ ಮೇಲೆ ಕಾಲು ಚಾಚಿ ಮಲಗಿದ್ದರು. ಅಲ್ಲಿಂದಾಚೆಗೆ ಪಾಪ ಊರು ತನ್ನ ಪಾಡಿಗೆ ತಾನು ಸಾಲಾಗಿ ಬಂತು, ನಾಲ್ಕು ನಿಲ್ದಾಣ ತಡವಾಗಿ.

ಈಜುಕೊಳದ ಬಳಿ ಬಸ್ಸು "ಹೆರಿಗೆ ಆಸ್ಪತ್ರೆ" ಎಂದಿತು. ಬಾಣಂತಿ ಹೆಂಡತಿಗೆ ಬಿಸಿನೀರಿನ ಫ್ಲಾಸ್ಕ್ ತಂದಿದ್ದವನೊಬ್ಬ ಇಳಿದು, ಚಡ್ಡಿಯಲ್ಲಿ ನಿಂತಿದ್ದ ಈಜುಗಾರನನ್ನು "ಡಾಕ್ಟ್ರೇ, ವಾರ್ಡ್ ಯಾವ ಕಡೆ?" ಎಂದು ಕೇಳಿದ. ಹಳೇ ಗಡಿಯಾರದ ಬಳಿ ಕರಿ ಕೋಟಿನ ವಕೀಲರು ಕೋರ್ಟೆಂದು ಇಳಿದು ಕಕ್ಷಿದಾರನಿಗಾಗಿ ಕಾಯುತ್ತ ನಿಂತರು. ಗ್ರಂಥಾಲಯವೆಂದು ಇಳಿದ ಹಿರಿಯರೊಬ್ಬರು ಅಗ್ನಿಶಾಮಕ ಠಾಣೆಯೊಳಗೆ ಹೋಗಿ, ತಡವಾದುದಕ್ಕೆ ಕ್ಷಮೆ ಕೇಳಿ ಕಾದಂಬರಿ ಹಿಂದಿರುಗಿಸಿದರು. ಠಾಣೆಯವರು ಅದನ್ನು ತೆಗೆದುಕೊಂಡರು, ಆಮೇಲೆ ಸರದಿಯಲ್ಲಿ ಓದಿದರಂತೆ. ಟವೆಲ್ ಹೆಗಲಿಗೆ ಹಾಕಿಕೊಂಡ ಒಂದು ಗುಂಪು ನೀರಿನ ಟ್ಯಾಂಕಿನ ಏಣಿ ಹತ್ತತೊಡಗಿತು. ಕಾವಲುಗಾರ ಕೆಳಗೆ ನಿಂತು ಬಾಯಿ ಬಡಿದುಕೊಂಡ. "ಬಸ್ಸೇ ಹೇಳಿದೆ ಕಣ್ರೀ, ಈಜುಕೊಳ ಅಂತ!" ಎಂದು ಅವರು ಮೇಲಿನಿಂದ ಕೂಗಿದರು.

ಆಶ್ಚರ್ಯದ ವಿಷಯ ಇದೇ. ಇವರಿಗೆಲ್ಲ ಕಣ್ಣಿತ್ತು. ಕಿಟಕಿಯಿತ್ತು. ಇಷ್ಟು ವರ್ಷ ದಿನಾ ಓಡಾಡಿದ ರಸ್ತೆ. ಆದರೂ ಹುಡುಗಿ ಅಷ್ಟು ನಯವಾಗಿ, ಅಷ್ಟು ಖಚಿತವಾಗಿ ಹೇಳಿದಮೇಲೆ ತಮ್ಮ ಕಣ್ಣನ್ನು ನಂಬುವ ಧೈರ್ಯ ಯಾರಿಗೂ ಬರಲಿಲ್ಲ. ನೋಡಿದವರು ತಪ್ಪಬಹುದು, ಹೇಳಿದವಳು ತಪ್ಪುವಳೇ ಎಂದುಕೊಂಡು ಇಳಿದರು.

ಆಗ್ಲಿಬಿಡಿಯವರು ಡಿಪೋ ತಲುಪುವಷ್ಟರಲ್ಲಿ ಅಲ್ಲಿ ಜಾತ್ರೆ ಸೇರಿತ್ತು. ಫೋನುಗಳು ಒಂದರ ಮೇಲೊಂದು ಬಡಿದುಕೊಳ್ಳುತ್ತಿದ್ದವು. ಮ್ಯಾನೇಜರಮ್ಮ ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಕನ್ನಡಕಕ್ಕಾಗಿಯೇ ಮೇಜೆಲ್ಲ ತಡಕುತ್ತಿದ್ದರು. ಅದೇ ಹೊತ್ತಿಗೆ ಮಾವ, ನಡಿಗೆ ಸಂಘದ ಸದಸ್ಯರನ್ನೆಲ್ಲ ಹಿಂದಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿಯಲ್ಲಿ ಒಳಗೆ ಬಂದರು. ಅಳಿಯನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

"ನಾನು ಒಂದು ನಿಲ್ದಾಣ ಕೇಳಿದ್ದೆ. ನೀವು ಐದು ಕೊಟ್ರಲ್ಲಪ್ಪ! ಕೋರ್ಟನ್ನೇ ತೆಗೆದು ನನ್ನ ಚದುರಂಗ ಇಟ್ರಲ್ಲಾ! ನಿಮ್ಮನ್ನ ನಾನು ಇಷ್ಟು ದಿನ ಸರಿಯಾಗಿ ತೂಗಿರಲಿಲ್ಲ."

ಸಂಘದವರು ಆಗ್ಲಿಬಿಡಿಯವರನ್ನು ಮೂಗಿನ ಮೇಲೆ ಬೆರಳಿಟ್ಟು ನೋಡಿದರು. ಒಂದೇ ರಾತ್ರಿಯಲ್ಲಿ ಆಸ್ಪತ್ರೆಯನ್ನು ಎತ್ತಿ ಈಜುಕೊಳದಲ್ಲಿ ಇಟ್ಟ ಮನುಷ್ಯ! ಒಬ್ಬರು ಮೆಲ್ಲಗೆ ಪಕ್ಕಕ್ಕೆ ಕರೆದು, "ನಮ್ಮ ಮಗಳ ಆಫೀಸು ಸ್ವಲ್ಪ ದೂರ ಇದೆ ಸರ್. ಒಂದೆರಡು ನಿಲ್ದಾಣ ಹತ್ತಿರ ಮಾಡಿಕೊಡೋಕಾಗುತ್ತಾ?" ಎಂದು ಕೇಳಿದರು. "ಆಗ್ಲಿ ಬಿ..." ಎನ್ನುವಷ್ಟರಲ್ಲಿ ಮ್ಯಾನೇಜರಮ್ಮ ರಟ್ಟೆ ಹಿಡಿದು ಅವರನ್ನು ಕಂಪ್ಯೂಟರಿನ ಮುಂದೆ ಕುಕ್ಕರಿಸಿದರು.

ಇಂಜಿನಿಯರಿಗೆ ಫೋನ್ ಹಚ್ಚಿದರು. ಆತ ಈಗ ಆ ಕೆಲಸ ಬಿಟ್ಟು ಗಿಟಾರ್ ಕಲಿಸುತ್ತಿದ್ದ. ಹಿಂದಿನಿಂದ ತಂತಿಯ ಟ್ರಿಂಗ್ ಟ್ರಿಂಗ್ ಕೇಳುತ್ತಿತ್ತು.

"ಅಲ್ಪವಿರಾಮ ಹಾಕಿದ್ರಾ?" ಎಂದ ಆತ. "ಅದೇ ತಾನೆ ಬೇಲಿ! ಅದು ಬಂದ ಕಡೆ ಒಂದು ನಿಲ್ದಾಣ ಮುಗೀತು, ಇನ್ನೊಂದು ಶುರು ಅಂತ ಯಂತ್ರ ತಿಳ್ಕೊಳುತ್ತೆ. ಅದಕ್ಕೆ ನಿಮ್ಮ ಮಾವ ಯಾರು ಅಂತ ಏನು ಗೊತ್ತು? ಆ ಹೆಚ್ಚಿನ ಮಾತೆಲ್ಲ ಅಳಿಸಿ, ಹಳೇದನ್ನ ಬರೀರಿ. ಮುಗೀತು."

ಇಷ್ಟೇ ಕೆಲಸ. ಆದರೆ ಬೆನ್ನ ಹಿಂದೆ ಮ್ಯಾನೇಜರಮ್ಮ, ಅವರ ಹಿಂದೆ ನಡಿಗೆ ಸಂಘ, ಸಂಘದ ಮುಂದೆ "ಅಳಿಸ್ತೀರಾ? ನನ್ನನ್ನ?" ಎಂದು ಕಂಪಿಸುತ್ತಿದ್ದ ಮಾವ. ಆಗ್ಲಿಬಿಡಿಯವರ ಬೆರಳುಗಳು ಕೋಲಿನಂತಾದವು. ಅಳಿಸಬೇಕಾದ್ದನ್ನು ಗುರುತು ಹಾಕಲು ಹೋಗಿ ಅವರು ಏನು ಒತ್ತಿದರೋ ಸಾಲಿಗೆ ಸಾಲೇ ನೀಲಿ ಬಣ್ಣಕ್ಕೆ ತಿರುಗಿತು. ಗಾಬರಿಯಲ್ಲಿ ಇನ್ನೇನೋ ಒತ್ತಿದರು. ಚೌಕ ಬೆಳ್ಳಗಾಯಿತು. ಕಂಸವೂ ಇಲ್ಲ, ಊರೂ ಇಲ್ಲ.

"ಏನಾಯ್ತು? ಉಳಿಸ್ರೀ, ಉಳಿಸ್ರೀ ಮೊದ್ಲು!" ಎಂದು ಮ್ಯಾನೇಜರಮ್ಮ ಚೀರಿದರು.

"ಆಗ್ಲಿ ಬಿಡಿ" ಎಂದು ಅವರು ಹಸಿರು ಗುಂಡಿ ಒತ್ತಿದರು.

ಪುಟ ಎಂದಿನಂತೆ ಅವರನ್ನು ಯಶಸ್ವಿ ಎಂದು ಹೊಗಳಿತು.

ಪ್ರತಿ ಬಸ್ಸೂ ಸುತ್ತು ಶುರುಮಾಡುವಾಗ ಡಿಪೋದಲ್ಲಿ ನಿಂತು ಸಾಲನ್ನು ಹೊಸದಾಗಿ ತುಂಬಿಸಿಕೊಳ್ಳುತ್ತಿತ್ತು. ಈಗ ಹೊರಟ ಬಸ್ಸು "ಮುಂದಿನ ನಿಲ್ದಾಣ" ಎಂದು ಹೇಳಿ ಸುಮ್ಮನಾಯಿತು, ಹೇಳಲು ಬಂದದ್ದು ಮರೆತುಹೋದವರ ಹಾಗೆ. ಇಂಜಿನಿಯರ್ ಫೋನಿನಲ್ಲೇ, "ನಕಲು ಇಟ್ಕೊಂಡಿರ್ತೀರಲ್ಲ, ಅದನ್ನ ಹಾಕಿ" ಎಂದ. ಯಾರೂ ಇಟ್ಟುಕೊಂಡಿರಲಿಲ್ಲ. ಮುಟ್ಟಬೇಡಿ ಎಂದದ್ದನ್ನು ಯಾರು ನಕಲು ಮಾಡುತ್ತಾರೆ? ಮ್ಯಾನೇಜರಮ್ಮ ಚಾಲಕರನ್ನು ಕರೆಸಿ ನಿಲ್ದಾಣಗಳನ್ನು ಸಾಲಾಗಿ ಹೇಳಿ ಎಂದರು. ಮೂರು ಜನ ಚಾಲಕರು ನಾಲ್ಕು ಬಗೆಯಲ್ಲಿ ಹೇಳಿದರು. ಒಬ್ಬನಿಗೆ ಅದು ಕ್ಷೌರಿಕರ ತಿರುವು, ಇನ್ನೊಬ್ಬನಿಗೆ ನಾಯಿ ಅಡ್ಡ ಬರುವ ಜಾಗ. "ಹೆಸರು ಹುಡುಗಿ ಹೇಳ್ತಿದ್ಲು ಮೇಡಂ, ನಾವು ಬ್ರೇಕ್ ಹಾಕ್ತಿದ್ವಿ" ಎಂದು ಕೈ ಚೆಲ್ಲಿದರು.

ಆಗ ಆಗ್ಲಿಬಿಡಿಯವರ ಜೇಬಿನಲ್ಲಿ ಫೋನ್ ನಡುಗಿತು. ಹೆಂಡತಿ.

"ರೀ, ಅತ್ತೆ ಒಂಬತ್ತರ ಬಸ್ಸಿಗೆ ಹೋದ್ರು. ದೊಡ್ಡಮ್ಮ ಈಗ ಫೋನ್ ಮಾಡಿದ್ರು. ಹಳೇ ಗಡಿಯಾರದ ಹತ್ರ ಆಗ್ಲಿಂದ ನಿಂತಿದಾರಂತೆ. ಅತ್ತೆ ಇಳೀಲೇ ಇಲ್ವಂತೆ!"

ಗುರುವಾರ. ಮಾವ, ಮ್ಯಾನೇಜರಮ್ಮ, ಕೆಲಸ, ಮಾನ ಎಲ್ಲ ಒಂದೇ ಕ್ಷಣದಲ್ಲಿ ಕಣ್ಣಿಂದ ಮರೆಯಾಗಿ, ಚರಂಡಿ ಪಕ್ಕದಲ್ಲಿ ಕೂತ ಅಮ್ಮ ಒಬ್ಬರೇ ಕಾಣಿಸಿದರು. ಅವರು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಬಾಗಿಲ ಕಡೆ ಓಡಿದರು.

ಬಾಗಿಲಲ್ಲಿ ಚಾಲಕನೊಬ್ಬ ಮುದುಕಿಯೊಬ್ಬರ ಕೈ ಹಿಡಿದು ನಿಂತಿದ್ದ. "ಇವ್ರು ಯಾರ ತಾಯಿ? ಡಿಪೋದಲ್ಲಿ ಇಳಿದು ಅಕ್ಕಾ ಅಕ್ಕಾ ಅಂತ ಕೂಗ್ತಾ ಇದ್ರು."

ಬಸ್ಸು ಡಿಪೋಗೆ ಬಂದು ನಿಲ್ಲುವಾಗ ಹುಡುಗಿ "ಹಳೇ ಗಡಿಯಾರ" ಎಂದಿದ್ದಳು. ಅಮ್ಮ ಇಳಿದಿದ್ದರು. ಅಕ್ಕನ ಕೈ ಇರಲಿಲ್ಲ, ಗಾಳಿಯಲ್ಲಿ ಡೀಸೆಲ್ ವಾಸನೆಯಷ್ಟೇ ಇತ್ತು.

"ಅಮ್ಮಾ!"

ಮಗನ ದನಿ ಕೇಳಿದ್ದೇ ಅವರ ಮುಖ ಸಣ್ಣದಾಯಿತು. ಕೈಚೀಲವನ್ನು ಎದೆಗೆ ಒತ್ತಿಕೊಂಡು ಮೆಲ್ಲನೆ ಹೇಳಿದರು. "ನನ್ನ ತಲೆ ಕೆಟ್ಟುಹೋಯ್ತು ಕಣೋ. ಅಕ್ಕನ ನಿಲ್ದಾಣದ ಬೇಕರಿ ವಾಸನೆ ಬಂತು, ಎದ್ದು ನಿಂತೆ. ಹುಡುಗಿ ಕೋರ್ಟು ಅಂದ್ಲು. ಮೂಗು ಸುಳ್ಳು ಹೇಳ್ತಿದೆ ಅಂತ ಕೂತ್ಕೊಂಡೆ. ಇಷ್ಟು ದಿನ ಕಣ್ಣೊಂದೇ ಹೋಗಿತ್ತು, ಈಗ ಇದೂ ಹೋಯ್ತು. ಸಾಕಪ್ಪ. ಇನ್ಮೇಲೆ ನಾನು ಎಲ್ಲಿಗೂ ಹೋಗಲ್ಲ. ಕಿಟಕಿ ಹತ್ರಾನೇ ಕೂತಿರ್ತೀನಿ."

ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಯಾರೂ ಎತ್ತಲಿಲ್ಲ. ಆಗ್ಲಿಬಿಡಿಯವರು ಅಮ್ಮನನ್ನು ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಕೂರಿಸಿ, ಮುಂದೆ ಕುಕ್ಕರುಗಾಲಲ್ಲಿ ಕೂತರು. ಗಂಟಲಲ್ಲಿ ಆ ಹಳೆಯ ಪದ ಎದ್ದಿತು, ದಾರಿ ತಪ್ಪಲು ನೋಡಿತು. ಇಂದು ಅವರು ಬಿಡಲಿಲ್ಲ.

"ಇಲ್ಲ" ಎಂದರು. ಇಡೀ ಡಿಪೋ ಬೆಚ್ಚಿಬಿತ್ತು. "ಇಲ್ಲಮ್ಮ. ನಿನ್ನ ಮೂಗು ಸರಿಯಾಗೇ ಇದೆ. ತಲೆ ಕೆಟ್ಟಿದ್ದು ನಂದು. ಮಾವನ್ನ ಮೆಚ್ಚಿಸೋಕೆ ಹೋಗಿ ಬಸ್ಸಿನ ಸಾಲು ಕೆಡಿಸಿದೆ. ಈಗ ಅಷ್ಟನ್ನೂ ಅಳಿಸಿ ಕೂತಿದೀನಿ. ನಿಲ್ದಾಣಗಳು ಒಂದೂ ಇಲ್ಲ."

ಅಮ್ಮ ತಲೆಯೆತ್ತಿದರು. "ಒಂದೂ ಇಲ್ವಾ?"

"ಒಂದೂ ಇಲ್ಲ. ಯಾರ ಹತ್ರಾನೂ ಇಲ್ಲ."

"ಹುಡುಗಿ ದಿನಾ ಹೇಳೋದು ತಾನೆ? ಅದಕ್ಕೇನೋ ಇಷ್ಟು ಜನ ಗೋಳಾಡ್ತಿರೋದು?" ಎಂದು ಅಮ್ಮ ಕೈಚೀಲವನ್ನು ತೊಡೆಯ ಮೇಲಿಟ್ಟು, ಬೆನ್ನು ನೆಟ್ಟಗೆ ಮಾಡಿ, ಬಸ್ಸಿನ ಸೀಟಿನಲ್ಲಿ ಕೂತವರಂತೆ ಕೂತರು. "ಬರ್ಕೋ. ಡಿಪೋ ಬಿಟ್ಟಮೇಲೆ ಗಾಳಿ ಬಿಡೋ ಸದ್ದು ಬರುತ್ತೆ, ಟೈರ್ ಅಂಗಡಿ."

ಆಗ್ಲಿಬಿಡಿಯವರು ಸ್ಟೂಲು ಎತ್ತಿಟ್ಟು ಕೂತು, ಚೌಕದಲ್ಲಿ ಒಂದು ಕಂಸ ಹಾಕಿ ಊರಿನ ಬಾಗಿಲು ತೆರೆದರು. ಬರೆಯತೊಡಗಿದರು.

ಅಮ್ಮ ನಿಲ್ಲಲಿಲ್ಲ. ಅವರ ಮೈ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸಣ್ಣಗೆ ವಾಲುತ್ತಿತ್ತು. ಅವರ ಕುರ್ಚಿಗೂ ಬಸ್ಸಿಗೂ ವ್ಯತ್ಯಾಸ ಉಳಿದಿರಲಿಲ್ಲ. ಎಲ್ಲಿ ರಸ್ತೆ ಕುಲುಕುತ್ತದೆ, ಎಲ್ಲಿ ಮರದ ನೆರಳು ಕೆನ್ನೆಗೆ ತಂಪಾಗುತ್ತದೆ, ಎಲ್ಲಿ ಹತ್ತುವವರ ಚಪ್ಪಲಿ ಒದ್ದೆಯಾಗಿರುತ್ತದೆ, ಒಂದೂ ಬಿಡದೆ ಹೇಳುತ್ತ ಹೋದರು. ಚಾಲಕರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆ ರಸ್ತೆಯಲ್ಲಿ ದಿನಾ ಗಾಡಿ ಓಡಿಸುವವರು ಅವರೇ. ಆದರೂ ತಮ್ಮ ರಸ್ತೆ ಹೀಗಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಮ್ಯಾನೇಜರಮ್ಮ ತಲೆಯ ಮೇಲಿನ ಕನ್ನಡಕವನ್ನು ಕಣ್ಣಿಗಿಳಿಸಿ, ಮತ್ತೆ ತೆಗೆದು, ಕಣ್ಣು ಮುಚ್ಚಿ ಕೇಳಿದರು. ನಾವೆಲ್ಲ ಕಿಟಕಿಯಿಂದ ನೋಡಿ ಕಳೆದುಕೊಂಡ ಊರನ್ನು ಆಕೆ ಕಾಣದೆಯೇ ಅಷ್ಟೂ ಕೂಡಿಟ್ಟಿದ್ದರು.

"ಮೂರನೇ ಅಡ್ಡರಸ್ತೆ" ಎಂದರು ಅಮ್ಮ. "ಇಲ್ಲಿ ಒಬ್ರು ಗೇಟ್ ಹತ್ರ ನಿಂತು ಜೋರಾಗಿ ಮಾತಾಡ್ತಾನೇ ಇರ್ತಾರೆ."

ನಡಿಗೆ ಸಂಘದವರೆಲ್ಲ ಒಟ್ಟಿಗೆ ತಿರುಗಿ ತಮ್ಮ ಸ್ಥಾಪಕ ಅಧ್ಯಕ್ಷರನ್ನು ನೋಡಿದರು. ಮಾವ ಏನೋ ಹೇಳಲು ಬಾಯಿ ತೆರೆದರು. ಹುಟ್ಟಿದಮೇಲೆ ಮೊದಲ ಸಲ ಮಿತಭಾಷಿಯಾಗಿ, ಹಾಗೇ ಮುಚ್ಚಿದರು.

ಆಗ್ಲಿಬಿಡಿಯವರು ಅಕ್ಷರ ಬಿಡದೆ ಬರೆದರು. ಯಾವುದು ನಿಲ್ದಾಣದ ಹೆಸರು, ಯಾವುದು ಅಮ್ಮನ ಮಾತು ಎಂದು ಬೇರ್ಪಡಿಸುವ ಧೈರ್ಯ ಅವರಿಗಿರಲಿಲ್ಲ. ನಿನ್ನೆ ಸಂಜೆ ಸ್ವಂತ ಬುದ್ಧಿ ಬಳಸಿ ಆದದ್ದು ಸಾಕಾಗಿತ್ತು. ಒಂದು ಎಚ್ಚರ ಮಾತ್ರ ಇಟ್ಟುಕೊಂಡರು. ಅಮ್ಮ ಉಸಿರೆಳೆದುಕೊಂಡು ಮುಂದಿನ ನಿಲ್ದಾಣಕ್ಕೆ ಹೋದಾಗ ಮಾತ್ರ ಅಲ್ಪವಿರಾಮ. ನಡುವೆ ಎಲ್ಲೂ ಇಲ್ಲ. ಕೊನೆಯ ಕಂಸ ಮುಚ್ಚಿ, ಹಸಿರು ಗುಂಡಿ ಒತ್ತಿದರು. ಪುಟ ಯಶಸ್ವಿ ಎಂದಿತು. ಈ ಸಲ ಅವರು ನಂಬಲಿಲ್ಲ.

ಆ ಹೊತ್ತಿಗೆ ಡಿಪೋದಲ್ಲಿ ನಿಂತಿದ್ದ ಬಸ್ಸನ್ನು ಪರೀಕ್ಷೆಗೆಂದು ಕಳಿಸುವುದೆಂದಾಯಿತು. ಅಮ್ಮ ಹತ್ತಲು ಒಪ್ಪಲಿಲ್ಲ. "ಬೇಡಪ್ಪ, ಭಯ ಆಗುತ್ತೆ" ಎಂದರು. ಆಗ್ಲಿಬಿಡಿಯವರು ಬಲವಂತ ಮಾಡಲಿಲ್ಲ. "ನಿನ್ನ ಅಕ್ಕ ಇನ್ನೂ ಅಲ್ಲೇ ನಿಂತಿದಾಳೆ" ಎಂದಷ್ಟೇ ಹೇಳಿದರು. ಅಮ್ಮ ಸ್ವಲ್ಪ ಯೋಚಿಸಿದರು. ಆಮೇಲೆ ಕೈ ಚಾಚಿ ಬಾಗಿಲ ಕಂಬಿ ತಡವಿ, ತಾವೇ ಹತ್ತಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತರು. ಪಕ್ಕದಲ್ಲಿ ಮ್ಯಾನೇಜರಮ್ಮ ತಪ್ಪುಗಳನ್ನು ಗುರುತು ಹಾಕಲು ಪೆನ್ನು ಹಿಡಿದು ಸದ್ದಿಲ್ಲದೆ ಕೂತರು. ಆಗ್ಲಿಬಿಡಿಯವರು ಹಿಂದಿನ ಸೀಟಿನಲ್ಲಿ ಉಸಿರು ಹಿಡಿದು ಕೂತರು.

ಬಾಗಿಲು ಮುಚ್ಚಿತು. ಹುಡುಗಿ ಎಂದಳು: "ಮುಂದಿನ ನಿಲ್ದಾಣ, ಡಿಪೋ ಬಿಟ್ಟಮೇಲೆ ಗಾಳಿ ಬಿಡೋ ಸದ್ದು ಬರುತ್ತೆ ಟೈರ್ ಅಂಗಡಿ."

ಮ್ಯಾನೇಜರಮ್ಮನ ಪೆನ್ನು ಮೇಲೆದ್ದಿತು. ಅಷ್ಟರಲ್ಲಿ ಹೊರಗೆ ಬುಸ್ಸೆಂದು ಗಾಳಿ ಬಿಟ್ಟ ಸದ್ದು ಬಂತು. ಪೆನ್ನು ಹಾಗೇ ನಿಂತಿತು.

ದಾರಿಯುದ್ದಕ್ಕೂ ಜನ ಹತ್ತಿದರು. ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟು ಕೇಳತೊಡಗಿದರು. "ಮುಂದಿನ ನಿಲ್ದಾಣ, ಹೆರಿಗೆ ಆಸ್ಪತ್ರೆ ಇಲ್ಲಿ ಡ್ರೈವರ್ ನಿಧಾನ ಮಾಡ್ತಾನೆ ಒಳ್ಳೇ ಮನುಷ್ಯ." ಚಾಲಕ ಕಿವಿಯವರೆಗೆ ಕೆಂಪಾಗಿ ಇನ್ನಷ್ಟು ನಿಧಾನ ಮಾಡಿದ. "ಕೋರ್ಟು ಇಲ್ಲಿ ಇಳಿಯೋರು ಮಾತು ನಿಲ್ಲಿಸ್ತಾರೆ." ಇಳಿಯಲು ನಿಂತಿದ್ದ ಅಣ್ಣತಮ್ಮಂದಿರಿಬ್ಬರು ನಿಜವಾಗಿಯೂ ಮಾತು ನಿಲ್ಲಿಸಿದ್ದರು. ಒಬ್ಬರನ್ನೊಬ್ಬರು ನೋಡಿದರು. "ಮರದ ಕೆಳಗೆ ತಂಪಾಗುತ್ತೆ ಗ್ರಂಥಾಲಯ" ಎಂದಾಗ ಬಸ್ಸಿಗೆ ಬಸ್ಸೇ ಕೆನ್ನೆಯನ್ನು ಕಿಟಕಿಯ ಕಡೆ ತಿರುಗಿಸಿತು. ತಂಪಾಯಿತು. ಯಾರೂ ನಗಲಿಲ್ಲ. ಮ್ಯಾನೇಜರಮ್ಮ ಪೆನ್ನಿಗೆ ಮುಚ್ಚಳ ಹಾಕಿ ಚೀಲದೊಳಗೆ ಇಟ್ಟರು.

ಈಜುಕೊಳ ದಾಟಿತು. "ಮುಂದಿನ ನಿಲ್ದಾಣ, ಬಿಸಿ ಬ್ರೆಡ್ಡಿನ ವಾಸನೆ ಬಂದ್ರೆ ಹಳೇ ಗಡಿಯಾರ ಎದ್ದೇಳಿ."

ಜನರೆಲ್ಲ ಮೂಗರಳಿಸಿದರು. ತಿರುವಿನಲ್ಲಿ ವಾಸನೆ ಬಂತು, ಬೆಚ್ಚಗೆ, ಬಸ್ಸಿನ ತುಂಬ. ಅಮ್ಮ ಎದ್ದು ನಿಂತರು. ಯಾರ ಕೈಯನ್ನೂ ಹುಡುಕಲಿಲ್ಲ. ಇಳಿಯುವ ಮುಂಚೆ ಪಕ್ಕದಲ್ಲಿ ಬಳೆ ಸದ್ದಾಗಿ ಯಾರೋ ಹೆಂಗಸಿದ್ದಾರೆಂದು ತಿಳಿದು ಆ ಕಡೆ ಬಾಗಿದರು. ಬಸ್ಸಿನ ಹುಡುಗಿಗೆ ಕೇಳಿಸಿ ನೋವಾಗಬಾರದೆಂದು ದನಿ ತಗ್ಗಿಸಿದರು.

"ಪಾಪ ಕಣಮ್ಮ, ಈ ಮಗೂಗೂ ಕಣ್ಣು ಕಾಣಿಸೋದಿಲ್ಲ. ನಂಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ."